ಪರದೆಯ ಹಿಂದಿನ ಶುಕ್ರವಾರ

ಇಚಲಕರಂಜಿ,
ರವಿವಾರ, ೯ ನವೆಂಬರ್ ೨೦೨೫

ಸೊಲ್ಲಾಪುರದ ನರ್ಸ್ ತರಬೇತಿ ಹಾಸ್ಟೆಲ್ಲಿನ ಎರಡನೆಯ ಮಹಡಿಯಲ್ಲಿ ನೆರೆದ ಮಹಾಜನರೇ! ಮಂಚದ ಮೇಲೆ ಕುಳಿತವರೇ, ಬಾಗಿಲಿಗೆ ಒರಗಿ ನಿಂತವರೇ, ಒಣಗಿದ ಬಟ್ಟೆ ಮಡಚುತ್ತ ಕೇಳದಂತೆ ನಟಿಸುವವರೇ! ನಿಮಗೆಲ್ಲ ಈ ಸಿದ್ಧಲಿಂಗನ ಶರಣು. ನನ್ನ ಪತ್ರಗಳನ್ನು ನನ್ನ ಹೆಂಡತಿ ನಿಮ್ಮ ಮುಂದೆ ಗಟ್ಟಿಯಾಗಿ ಓದುತ್ತಾಳೆಂಬ ಗುಪ್ತ ವರ್ತಮಾನ ನನಗೆ ಮುಟ್ಟಿದೆ. ಓದಲಿ. ಆದರೆ ಇಂದಿನ ಪತ್ರದಲ್ಲಿ ಒಂದು ಪಿತೂರಿ ಇದೆ, ಅದರ ಸೂತ್ರ ಹಿಡಿದವರು ನಿಮ್ಮ ನಡುವೆಯೇ ಕುಳಿತಿದ್ದಾರೆಂದು ನನಗೆ ಬಲವಾದ ಸಂಶಯ. ಓದುತ್ತಿರುವವಳ ಮುಖವನ್ನು ಒಂದಿಷ್ಟು ಗಮನಿಸುತ್ತಿರಿ.

ಪ್ರೀತಿಯ ಉಜ್ವಲಾ,

ಹೇಗಿದ್ದೀಯ? ಗಂಟಲು ನೋವು ಇಳಿಯಿತೇ? ರಾತ್ರಿಪಾಳಿ ಮುಗಿಸಿ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಮಲಗುವ ನಿನ್ನ ಚಾಳಿ ಅಲ್ಲಿ ಬೇಡ. ಹಾಸ್ಟೆಲ್ಲಿನ ರೊಟ್ಟಿ ಇನ್ನೂ ಹೆಂಚಿನಷ್ಟೇ ದಪ್ಪವೋ? ಅವ್ವ ಎರಡನೆಯ ಡಬ್ಬಿ ಶೇಂಗಾಚಟ್ನಿ ಕುಟ್ಟಿಟ್ಟಿದ್ದಾಳೆ, ಸೊಲ್ಲಾಪುರಕ್ಕೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಅವಳ ಮೊಣಕಾಲು ನೀನು ಹೇಳಿದ ಎಣ್ಣೆಗೆ ಸ್ವಲ್ಪ ಬಗ್ಗುತ್ತಿದೆ, ಆದರೆ ಅದನ್ನು ಹಚ್ಚಿಕೊಡುವ ನನ್ನ ಕೈ ಅವಳಿಗೆ ಒಪ್ಪಿಗೆಯಿಲ್ಲ. "ನನ್ನ ಸೊಸಿ ಬರಲಿ, ನಿಂದು ಕೈ ಅಲ್ಲೋ ಅದು, ಒರಳ ಹಾರಿ" ಎನ್ನುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀನು ಕೊಟ್ಟ ಅಪ್ಪಣೆ ನೆನಪಿದೆ: "ಅಹೋ, ನೀವು ಫೋನಿನಾಗ ಮಾತಾಡಿದ್ರ ಆ ದನಿಗೆ ವಾರ್ಡಿನ ಪೇಶಂಟ್ ಎಲ್ಲಾ ಎದ್ದ ಕೂಡ್ತಾರ. ನನಗ ಮಾತಾಡಾಕ ಜಾಗಾನ ಉಳಿಯೂದಿಲ್ಲ. ಪತ್ರಾ ಬರೀರಿ, ಸಾಕಾದಾಗ ಮಡಚಿ ಇಡ್ತೇನಿ." ಆಗ ನಕ್ಕಿದ್ದೆ. ಈ ವಾರ ಆ ಮಾತು ಬೇರೆ ಬಾಯಿಯಿಂದ ಕೇಳಿದೆ, ನಗು ಬರಲಿಲ್ಲ.

ಮಹಾಜನರಿಗಾಗಿ ರಂಗಸಜ್ಜಿಕೆ ಹೇಳಿಬಿಡುತ್ತೇನೆ. ನಮ್ಮ ಮಾಲಕರು ಆಬಾಸಾಹೇಬರು. ಅವರ ಬಟ್ಟೆಯ ಕಾರಖಾನೆಗೆ ಮೂರು ಮನೆ: ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡು, ಗಡಹಿಂಗ್ಲಜದಲ್ಲಿ ಹೊಲಿಗೆ, ಕೊಲ್ಹಾಪುರದಲ್ಲಿ ಆಫೀಸು. ಮೂರೂ ಕಡೆಯ ಲೆಕ್ಕ ಕಂಪ್ಯೂಟರಿನಲ್ಲಿ ಕೂಡಿಸಿ, ಎಲ್ಲಿ ಮಗ್ಗ ನಿಲ್ಲುತ್ತಿದೆ, ಎಲ್ಲಿ ಬಟ್ಟೆ ಕೆಡುತ್ತಿದೆ ಎಂದು ಹೇಳುವ ಡೇಟಾ ಟೀಮಿಗೆ ನಾನು ಮುಖ್ಯಸ್ಥ. ಕೊಲ್ಹಾಪುರದಲ್ಲಿ ಆಶಿಷ, ಗಡಹಿಂಗ್ಲಜದಲ್ಲಿ ಕೃಷ್ಣಾತ, ಇಲ್ಲಿ ನನ್ನ ಮಗ್ಗುಲಿನ ಟೇಬಲ್ಲಿಗೆ ಮಯೂರಿ. ಈ ಮಯೂರಿ ನಮ್ಮ ಶೆಡ್ಡಿನಲ್ಲೇ ನೂಲು ಸುತ್ತುವ ರಾಯವ್ವನ ಮಗಳು, ಸಂಜೆ ಕ್ಲಾಸಿಗೆ ಹೋಗಿ ಕಲಿತು ಶೆಡ್ಡಿನಿಂದ ಮೇಲಿನ ಆಫೀಸಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಇನ್ನು ನಾನು: ಗಡಹಿಂಗ್ಲಜದಲ್ಲಿ ಅಪ್ಪ ಕಟ್ಟಿದ ನಾಟಕ ಕಂಪನಿಯ ಪರದೆಯ ಹಿಂದೆ ನಿಂತು, ನಟರು ಮರೆತ ಮಾತನ್ನು ಹೇಳಿಕೊಡುತ್ತ ಬೆಳೆದವನು. ಹದಿನಾರನೆಯ ವಯಸ್ಸಿಗೆ ರಾಜನ ಪಾತ್ರ ಸಿಕ್ಕಿತು, ಇಂದಿಗೂ ಕಿರೀಟ ಇಳಿದಿಲ್ಲ ಎಂದು ನೀನು ಚುಚ್ಚುತ್ತೀಯ.

ಹೋದ ಸೋಮವಾರ ಆಬಾಸಾಹೇಬರು ಕೊಲ್ಹಾಪುರಕ್ಕೆ ಕರೆಸಿದರು. ಎದುರಿಗೆ ಕೂರಿಸಿ, ಕನ್ನಡಕ ಹಣೆಗೇರಿಸಿ, "ಸಿದ್ಧಲಿಂಗ, ನಾಕ ಮಂದಿ ಕುಂತ ಅಂಕಿ ನೋಡೂದು ಅಂದ್ರ ಭಾಳ ಆತು. ಮೂರ ಮಂದಿ ಸಾಕು. ಯಾರದು ಕೆಲಸ ಕಮ್ಮಿ ಐತಿ, ಲೆಕ್ಕಾ ಹಾಕಿ ಹೆಸರ ತಗೊಂಡ ಬಾ. ಮುಂದಿನ ಸೋಮವಾರ, ಹನ್ನೊಂದಕ್ಕ" ಎಂದರು. ಲೆಕ್ಕ ಹಾಕುವುದರಲ್ಲಿ ನನ್ನನ್ನು ಮೀರಿಸುವವರುಂಟೇ! ಒಂದು ತಿಂಗಳಲ್ಲಿ ಯಾರು ಎಷ್ಟು ಪ್ರಶ್ನೆಗೆ ಉತ್ತರ ಹುಡುಕಿ ಮುಗಿಸಿದರೆಂದು ತೆಗೆದೆ. ಆಶಿಷ ನಲವತ್ತೊಂದು. ಕೃಷ್ಣಾತ ಮೂವತ್ತೆಂಟು. ಮಯೂರಿ ಹದಿನೇಳು. ಹದಿನೇಳು, ಉಜ್ವಲಾ! ಪಕ್ಕದಲ್ಲೇ ಕುಳಿತ ಹುಡುಗಿ, ಇಡೀ ದಿನ ಕೀಲಿಮಣೆ ಕುಟ್ಟುತ್ತಾಳೆ, ಊಟದ ಡಬ್ಬಿ ಬಿಚ್ಚಲು ಮರೆಯುತ್ತಾಳೆ, ಆದರೂ ಹದಿನೇಳು. ಹಾಗಾದರೆ ಅವಳು ಮಾಡುತ್ತಿರುವುದೇನು? ಸಂಶಯದ ಮೊದಲನೆಯ ಗಂಟೆ ಅಲ್ಲಿ ಮೊಳಗಿತು.

ಎರಡನೆಯ ಗಂಟೆ ಇನ್ನೂ ಗಟ್ಟಿಯಾದದ್ದು. ಪ್ರತಿ ಶುಕ್ರವಾರ ಆಶಿಷ, ಕೃಷ್ಣಾತ ಇಚಲಕರಂಜಿಗೆ ಬಂದು, ಮಧ್ಯಾಹ್ನ ಮೂವರೂ ನನ್ನ ಮುಂದೆ ವಾರದ ವರದಿ ಒಪ್ಪಿಸುವುದು ಪದ್ಧತಿ. ಮೊದಲೆಲ್ಲ ಮೂರರ ಬಸ್ಸಿಗೆ ಓಡುತ್ತಿದ್ದ ಆ ಇಬ್ಬರು ಈಗ ಒಂದು ತಿಂಗಳಿಂದ ಐದರವರೆಗೆ ಮಯೂರಿಯೊಂದಿಗೆ ಚಹಾದ ಖೋಲಿಯಲ್ಲಿ ಕೂಡುತ್ತಿದ್ದಾರೆ. ನಾನು ಬಾಗಿಲಿಗೆ ಬಂದರೆ ಮಾತು ಪಟ್ಟನೆ ನಿಲ್ಲುತ್ತದೆ, ಕೃಷ್ಣಾತನಿಗೆ ಕೆಮ್ಮು ಬರುತ್ತದೆ, ಆಶಿಷ ಬರೆಯುತ್ತಿದ್ದ ವಹಿ ಮುಚ್ಚುತ್ತಾನೆ. ಒಮ್ಮೆ ಆ ವಹಿ ತೆರೆದು ಬಿದ್ದಿತ್ತು. ಅದರಲ್ಲಿ ಟೀಮಿನ ಚಿತ್ರ: ನಾಲ್ಕು ವರ್ತುಳಗಳು, ಒಂದರ ಪಕ್ಕ ಒಂದು, ನಡುವೆ ಗೆರೆಗಳು. ಮೇಲೆ ಯಾರೂ ಇಲ್ಲ! ನಾನು ಕೊಟ್ಟ ಚಿತ್ರದಲ್ಲಿ ಮೇಲೆ ನಾನು, ಕೆಳಗೆ ಅವರು ಮೂವರು. ಇವರ ಚಿತ್ರದಲ್ಲಿ ರಾಜನನ್ನು ಇಳಿಸಿ ಸಾಲಿನಲ್ಲಿ ನಿಲ್ಲಿಸಿದ್ದರು. ನನ್ನ ವರ್ತುಳದ ಪಕ್ಕ ಮಯೂರಿಯ ಅಕ್ಷರದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಇದು ಸಿಂಹಾಸನದ ಪಿತೂರಿಯಲ್ಲದೆ ಮತ್ತೇನು? ಪಟ್ಟಿಯಲ್ಲಿ ಮಯೂರಿಯ ಹೆಸರು ಬರೆಯಲು ನಾನು ತುದಿಗಾಲಲ್ಲಿ ನಿಂತಿದ್ದೆ.

ಮೊನ್ನೆ ಶುಕ್ರವಾರ ನಾಲ್ಕಕ್ಕೆ, ಬ್ಯಾಂಕಿಗೆ ಹೋಗುವೆನೆಂದು ಎಲ್ಲರಿಗೂ ಕೇಳುವಂತೆ ಸಾರಿ, ಹಿಂದಿನ ಮೆಟ್ಟಿಲಿನಿಂದ ಒಳಬಂದೆ. ಚಹಾದ ಖೋಲಿಗೆ ಅಂಟಿಕೊಂಡೇ ಸ್ಯಾಂಪಲ್ ಬಟ್ಟೆಯ ಖೋಲಿ, ನಡುವೆ ನಮ್ಮದೇ ಬಟ್ಟೆಯ ಪರದೆ. ಸುತ್ತಿಟ್ಟ ಬಟ್ಟೆಯ ಥಾನುಗಳ ನಡುವೆ ಉಸಿರು ಹಿಡಿದು ನಿಂತೆ. ಮೂವತ್ತು ವರ್ಷದ ಮೇಲೆ ಮತ್ತೆ ಪರದೆಯ ಹಿಂದೆ, ನೋಡು! ಮೊದಲು ಕೃಷ್ಣಾತ: "ಈ ವಾರದ ನನ್ನ ತಪ್ಪು ಅಂದ್ರ, ಒಂದ ಥಾನ ಎರಡ ಸಲ ಎಣಿಸಿದ್ದೆ. ಎರಡ ದಿನ ಹಂಗ ಹೋತು, ಯಾರಿಗೂ ಗೊತ್ತಾಗಲಿಲ್ಲ." ಆಮೇಲೆ ಆಶಿಷ ತನ್ನದೊಂದು ಹೇಳಿದ. ಬೈಗುಳವಿಲ್ಲ, ಎಲ್ಲರೂ ನಕ್ಕರು, ಮತ್ತೆ ಹೀಗಾಗದಂತೆ ಏನು ಮಾಡಬೇಕೆಂದು ಬರೆದುಕೊಂಡರು. ನಾನು ಬೆರಗಾದೆ. ಇದು ಯಾವ ನಾಟಕ? ಆಗ ಮಯೂರಿ: "ವೈನಿ ಅವರ ವಾರ್ಡಿನಾಗ ಪಾಳಿ ಬದಲಾಗೂಮುಂದ ತಮ್ಮ ತಪ್ಪು ಹಿಂಗ ಹೇಳ್ತಾರಂತ. ಹೇಳದಿದ್ರ ಪೇಶಂಟ್‌ಗ ತ್ರಾಸ." ವೈನಿ! ಈ ಹುಡುಗಿಗೆ ಯಾವ ಅತ್ತಿಗೆ? ಉಜ್ವಲಾ, ನೀನು ಇಲ್ಲಿನ ವಾರ್ಡು ಬಿಟ್ಟು ತರಬೇತಿಗೆ ಸೊಲ್ಲಾಪುರಕ್ಕೆ ಹೊರಡುವ ಮುಂಚೆ ಈ ಹುಡುಗಿ ಮನೆಗೆ ಬಂದು ಅಡಿಗೆಮನೆಯಲ್ಲಿ ಒಂದು ತಾಸು ನಿನ್ನ ಕಿವಿಯಲ್ಲಿ ಕುಸುಗುಟ್ಟಿದ್ದು ನನಗೆ ನೆನಪಿಲ್ಲವೆಂದುಕೊಂಡೆಯಾ?

ಮಯೂರಿ ಮುಂದುವರಿಸಿದಳು. ವಿಷಯ ಮಗ್ಗದ ಬೋರ್ಡಿನದು. ಪ್ರತಿ ಸೋಮವಾರ ಶೆಡ್ಡಿನ ಬಾಗಿಲಲ್ಲಿ ಯಾವ ನೇಕಾರನ ಹೆಸರಿನಲ್ಲಿ ಮಗ್ಗ ಎಷ್ಟು ಸಲ ನಿಂತಿತೆಂಬ ಪಟ್ಟಿ ಹಚ್ಚುವುದು ನನ್ನದೇ ಕಲ್ಪನೆ. ಎರಡು ತಿಂಗಳಿಂದ ಅದರಲ್ಲಿ ಎಲ್ಲಕ್ಕೂ ಕೆಳಗೆ ಸಾತಪ್ಪ, ಇಪ್ಪತ್ತೆರಡು ವರ್ಷ ಮಗ್ಗ ನಡೆಸಿದವನು. ಅವನನ್ನು ಹೊಸ ಮಗ್ಗದಿಂದ ಹಳೆಯ ಮಗ್ಗಕ್ಕೆ ಹಾಕಿಯೂ ಆಗಿತ್ತು. "ಸಾತಪ್ಪಣ್ಣನ ಲೆಕ್ಕಾ ತಪ್ಪೈತಿ. ಬ್ಯಾರೇದವರ ಮಗ್ಗಾ ಇಂವ ಚಾಲೂ ಮಾಡ್ತಾನ, ನಿಂತಿದ್ದು ಇಂವನ ಹೆಸರಿಗೆ ಬೀಳತೈತಿ. ಸರಗ ಹೇಳಬೇಕ" ಎಂದಳು ಮಯೂರಿ. ಆಶಿಷ, "ಹೇಳು ಮತ್ತ" ಎಂದ. "ಎರಡ ಸಲ ಬಾಯಿ ತಗದೆ. ಅವರು ನಾಟಕದ ಮೊದಲನೇ ಅಂಕಾ ಚಾಲೂ ಮಾಡಿದ್ರು. ನನಗ ಮಾತಾಡಾಕ ಜಾಗಾನ ಉಳೀಲಿಲ್ಲ." ಅದೇ ಮಾತು, ಉಜ್ವಲಾ. ಬಸ್‌ಸ್ಟ್ಯಾಂಡಿನ ನಿನ್ನ ಮಾತು. ಆಗ ಆ ಪೋಕರಿ ಕೃಷ್ಣಾತ ಎದ್ದು, ಎದೆ ಉಬ್ಬಿಸಿ, ನನ್ನ ದನಿ ತೆಗೆದ. ಪ್ರತಿ ಮೀಟಿಂಗಿನ ಆರಂಭಕ್ಕೆ ನಾನು ಹೇಳುವ, ಅಪ್ಪನೇ ಬರೆದ ರಾಜನ ಮಾತು: "ಕೇಳಿರೋ ಪ್ರಜೆಗಳಿರಾ! ಈ ದಂಡದ ಒಂದು ತುದಿ ನನ್ನ ಕೈಯಲ್ಲಿದೆ. ಇನ್ನೊಂದು ತುದಿ..." ಎಂದವನು ಮರೆತು ನಿಂತ. "ಇನ್ನೊಂದು ತುದಿ... ಎಲ್ಲೈತ್ರೋ ಅದು?" ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಚಿಕ್ಕಂದಿನ ಅಭ್ಯಾಸ, ಪರದೆಯ ಹಿಂದಿನಿಂದ ತಾನಾಗಿ ಹೊರಟಿತು: "ನಿಮ್ಮ ಬೆನ್ನ ಮೇಲಿದೆ!"

ಮಹಾಜನರೇ, ಅಂಥ ರಂಗಪ್ರವೇಶ ನಮ್ಮಪ್ಪನ ಯಾವ ನಾಟಕದಲ್ಲೂ ಆಗಿರಲಿಲ್ಲ. ನಾನು ಪರದೆ ಸರಿಸಿ ಹೊರಬಂದೆ, ತಲೆಯ ತುಂಬ ಹತ್ತಿಯ ನವಿರು. ಬಾಯಿಗೆ ಬಂದದ್ದು ಒಂದೇ: "ಚಹಾ ಐತೇನು?" ಕೃಷ್ಣಾತ, "ಐತ್ರಿ ಸರ, ತಣ್ಣಗಾಗೇತಿ" ಎಂದ. ಕುಡಿದು ಮನೆಗೆ ಬಂದೆ. ಆದರೆ ಸಂಶಯ ಅಷ್ಟಕ್ಕೇ ಮಲಗುತ್ತದೆಯೇ? ಆ ಪರದೆ ನೆಲದಿಂದ ಒಂದು ಗೇಣು ಮೇಲಿದೆ. ನನ್ನ ಚಪ್ಪಲಿ ಅವರಿಗೆ ಕಂಡಿರಲೇಬೇಕು! ನಾನಿದ್ದೇನೆಂದು ತಿಳಿದೇ ಮಯೂರಿಯನ್ನು ಉಳಿಸಲು ಆಟ ಕಟ್ಟಿದರೋ?

ಪರೀಕ್ಷಿಸಲು ನಿನ್ನೆ ಬೆಳಿಗ್ಗೆ ಶೆಡ್ಡಿಗೆ ಹೋಗಿ ಎರಡು ತಾಸು ಸಾತಪ್ಪನ ಮಗ್ಗಗಳ ನಡುವೆ ನಿಂತೆ. ಮಗ್ಗದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳದು, ಬರಿಯ ಕಣ್ಣಿಗೆ ಕೆಲಸ. ಪಕ್ಕದ ಮಗ್ಗದ ನೇಕಾರ ಗುಂಡು ಮೂತ್ರಕ್ಕೆ ಹೋದ. ಅವನ ಮಗ್ಗದಲ್ಲಿ ದಾರ ಕಡಿಯಿತು, ಮಗ್ಗ ನಿಂತಿತು. ಸಾತಪ್ಪ ಹೋಗಿ ದಾರ ಕೂಡಿಸಿ, ಮಗ್ಗ ಶುರು ಮಾಡಿ, ಅಲ್ಲಿನ ಗುಂಡಿಗಳ ಮೇಲೆ ತನ್ನ ನಂಬರ್ ಒತ್ತಿದ. ನಿಂತ ಲೆಕ್ಕ ಸಾತಪ್ಪನ ತಲೆಗೆ ಬಿತ್ತು! ಹೊರಗೆ ಕರೆದು, ಗುಂಡುವಿನ ನಂಬರ್ ಯಾಕೆ ಒತ್ತಲಿಲ್ಲವೆಂದು ಕೇಳಿದೆ. ನನ್ನನ್ನು ಹುಚ್ಚನ ಹಾಗೆ ನೋಡಿದ. "ಕೈ ಹಾಕಿದಾಂವ ನಾ ಅಲ್ರಿ ಸಾಹೇಬ್ರ? ಅವನ ನಂಬರ್ ಒತ್ತಿದ್ರ ಸುಳ್ಳ ಆಗೂದಿಲ್ಲೇನು?" ಕಂಪ್ಯೂಟರ್ ಕೇಳಿದ್ದು ಯಾರ ಮಗ್ಗ ಎಂದು, ಇವನು ಹೇಳಿದ್ದು ಯಾರ ಕೈ ಎಂದು. ಹೋಗುತ್ತ ಇನ್ನೊಂದು ಮಾತು ಅಂದ: "ಬೋರ್ಡಿಗೆ ನನ್ನ ಹೆಸರ ಬಂದಾಗಿಂದ ಮಂದಿ ನನಗ ಮಗ್ಗಾ ನೋಡಾಕ ಹೇಳೂದ ಬಿಟ್ಟಾರ್ರಿ. ಪಾಪ, ನನಗ ಮತ್ತ ಕೆಟ್ಟ ಹೆಸರ ಬರಬಾರದಂತ. ಮಗ್ಗಾ ಬಂದ್ ಮಾಡಿ ಹೋಗ್ತಾರ. ಗುಂಡೂ ಒಬ್ಬ ನಾಚಿಕಿಲ್ಲದಾಂವ, ಇನ್ನೂ ಚಾಲೂ ಬಿಟ್ಟ ಹೋಗ್ತಾನ." ಎರಡು ತಿಂಗಳಿಂದ ಬಟ್ಟೆ ಯಾಕೆ ಕಡಿಮೆ ಬರುತ್ತಿದೆಯೆಂದು ಹುಡುಕುತ್ತಿದ್ದೆನಲ್ಲ, ಕಾರಣ ನನ್ನ ಬೋರ್ಡು.

ಇಂದು ಬೆಳಿಗ್ಗೆ ಅವ್ವ ಚಹಾ ಕೊಟ್ಟಾಗ ಆ ಹದಿನೇಳು ಕಣ್ಣೆದುರು ಬಂತು. ಕಂಪ್ಯೂಟರ್ ತೆಗೆದೆ. ಮುಗಿಸಿದ ಪ್ರತಿ ಪ್ರಶ್ನೆಯ ಅಡಿಯಲ್ಲಿ ಟಿಪ್ಪಣಿಯ ಒಂದು ಸಾಲಿರುತ್ತದೆ, ನಾನು ಒಂದನ್ನೂ ಓದಿದವನಲ್ಲ. ಆಶಿಷನ ನಲವತ್ತೊಂದರಲ್ಲಿ ಹತ್ತೊಂಬತ್ತರ ಕೆಳಗೆ "ಮಯೂರಿ ದಾರಿ ತೋರಿಸಿದಳು". ಕೃಷ್ಣಾತನ ಮೂವತ್ತೆಂಟರಲ್ಲಿ ಹದಿನಾಲ್ಕರ ಕೆಳಗೆ ಅವಳದೇ ಹೆಸರು. ಟಿಪ್ಪಣಿಗಳೆಲ್ಲ ಅಕ್ಟೋಬರಿನವು, ನನ್ನ ಚಪ್ಪಲಿ ನೋಡಿ ಬರೆದವಲ್ಲ. ಸಾತಪ್ಪನ ಬೋರ್ಡನ್ನೇ ನಾನು ನನ್ನ ಮಗ್ಗುಲಿನ ಟೇಬಲ್ಲಿಗೂ ಹಚ್ಚಿದ್ದೆ: ಬೇರೆಯವರ ಕೆಲಸಕ್ಕೆ ಕೈ ಕೊಟ್ಟವಳೇ ಪಟ್ಟಿಯಲ್ಲಿ ಕೆಳಗೆ. ಅವಳು ಹೇಳಲು ಬಾಯಿ ತೆರೆಯುತ್ತಿದ್ದಳು, ನಾನು ಅಂಕ ಚಾಲೂ ಮಾಡುತ್ತಿದ್ದೆ.

ನಿನ್ನ ಮೇಲಿನ ಸಂಶಯ ಮಾತ್ರ ಹಾಗೇ ಇದೆ. ಮಹಾಜನರೇ, ಈಗ ಅವಳು ನಗುತ್ತಿದ್ದಾಳೆಯೇ? ನಗುತ್ತಿದ್ದರೆ ಅಪರಾಧ ಸಾಬೀತು. ಗಂಟಲಿಗೆ ಬಿಸಿನೀರು ಕುಡಿಯುವುದನ್ನು ಬಿಡಬೇಡ. ಅವ್ವ ಆಶೀರ್ವಾದ ತಿಳಿಸಿದ್ದಾಳೆ, ಒದ್ದೆ ಕೂದಲ ಮಾತು ಅವಳದೂ ಹೌದು. ನಿನ್ನ ಗೆಳತಿಯರಿಗೆಲ್ಲ ನಮಸ್ಕಾರ.

ನಿನ್ನ,
ಸಿದ್ಧಲಿಂಗ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಹೊಳೆಯಿತು. ಆಬಾಸಾಹೇಬರು ಹೇಳಿದ್ದು ನಾಲ್ಕು ಮಂದಿ, ನಾನು ಲೆಕ್ಕ ಹಾಕಿದ್ದು ಮೂವರದು. ನಾಲ್ಕನೆಯ ಹೆಸರು ಸೇರಿಸಿದೆ. ಸಿದ್ಧಲಿಂಗ, ತಿಂಗಳಲ್ಲಿ ಮುಗಿಸಿದ್ದು: ಸೊನ್ನೆ. ಮುಖ್ಯಸ್ಥನ ಕೆಲಸ ಬೇರೆ ಎಂದು ವಾದಿಸಬಹುದು, ಆದರೆ ಯಾರ ಟಿಪ್ಪಣಿಯಲ್ಲೂ ನನ್ನ ಹೆಸರಿಲ್ಲ. ಪಟ್ಟಿ ಟಿಪ್ಪಣಿಗಳ ಸಮೇತ ಹಾಗೆಯೇ ಒಯ್ಯುತ್ತೇನೆ, ಯಾರನ್ನು ತೆಗೆಯಬೇಕೆಂದು ಅವರೇ ನೋಡಲಿ. ನನ್ನನ್ನೇ ತೆಗೆದರೂ ನೀನು ಹೆದರಬೇಡ. ಈ ಪತ್ರ ನಿನಗೆ ಮುಟ್ಟುವ ಹೊತ್ತಿಗೆ ಅದು ಮುಗಿದಿರುತ್ತದೆ. ನಾಳೆ ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಬೋರ್ಡು ನನ್ನ ಕೈಯಾರೆ ಇಳಿಸಿ, ಎಂಟರ ಬಸ್ಸಿಗೆ ಮಯೂರಿಯನ್ನು ಕರೆದುಕೊಂಡು ಹಾತಕಣಂಗಲೆಯ ದಾರಿಯಾಗಿ ಕೊಲ್ಹಾಪುರಕ್ಕೆ ಹೋಗುತ್ತೇನೆ. ಆಬಾಸಾಹೇಬರ ಮುಂದೆ ಸಾತಪ್ಪನ ಲೆಕ್ಕ ಅವಳೇ ಹೇಳುತ್ತಾಳೆ. ನಾನು ಹಿಂದೆ ನಿಲ್ಲುತ್ತೇನೆ, ಅವಳು ಮಾತು ಮರೆತರೂ ಹೇಳಿಕೊಡುವುದಿಲ್ಲ.