ಅಮ್ಮ ಕೂತಿದ್ದು ಎಡಗಡೆ

ಅಪ್ಪಯ್ಯಾ,

ಈ ಕಾಗದವನ್ನು ಸ್ವಲ್ಪ ಬಲಕ್ಕೆ ಸರಿಸಿ ಹಿಡಿದುಕೊಂಡು ಓದು. ಯಾಕೆಂದು ಮುಂದೆ ಹೇಳುತ್ತೇನೆ. ಬದುಕಿದ್ದಾಗ ನನ್ನ ಮಾತನ್ನು ಯಾವತ್ತೂ ಪೂರ್ತಿ ಕೇಳಿದವನಲ್ಲ ನೀನು. ಈಗಲಾದರೂ ನಡುವೆ ಎದ್ದು ಹೋಗುವ ಹಾಗಿಲ್ಲ.

ನಿನ್ನನ್ನು ನೆನೆಸಿಕೊಂಡರೆ ಮೊದಲು ಕಾಣುವುದು ಬಸ್ಸು. ಸಾಗರದಿಂದ ರಿಪ್ಪನ್‌ಪೇಟೆ, ಕೋಣಂದೂರು ದಾಟಿ ತೀರ್ಥಹಳ್ಳಿ. ದಾರಿಯುದ್ದಕ್ಕೂ ನಿನ್ನ ಒಂದು ಕಣ್ಣು ಎಡಗಡೆಯ ಚರಂಡಿಯ ಮೇಲೇ ಇರುತ್ತಿತ್ತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ “ಬರ್ಲಿ, ಬರ್ಲಿ” ಅನ್ನುವ ಮೊದಲೇ ಚಕ್ರ ಎಲ್ಲಿದೆ ಎಂದು ನಿನಗೆ ಗೊತ್ತಿರುತ್ತಿತ್ತು. ಬಿಪಿ ಏರಿದ ಮೇಲೂ ಸ್ಟೇರಿಂಗ್ ಬಿಡಲಿಲ್ಲ. ಆವತ್ತು ಬೆಳಿಗ್ಗೆ ಅಮ್ಮ ರೇಗಿಯೇಬಿಟ್ಟಳು. “ಇವತ್ತು ಬಸ್ಸು ಹತ್ತಿದ್ರೆ ನಾನು ಕೆಳದಿಗೆ ಹೋಗ್ತೀನಿ ನೋಡಿ. ಮತ್ತೆ ಬರಲ್ಲ.” ತವರಿಗೆ ಹೋಗುತ್ತೇನೆ ಎನ್ನುವುದು ಅವಳ ಹಳೇ ಬೆದರಿಕೆ. “ಹೋಗೋದಾದ್ರೆ ನನ್ನ ಬಸ್ಸಲ್ಲೇ ಬಾ, ಟಿಕೆಟ್ ಕೇಳಲ್ಲ” ಎಂದು ನೀನು ನಕ್ಕು ಹೊರಟೆ. ಮಧ್ಯಾಹ್ನ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವನು ಹಾಗೇ ಕುಸಿದೆ.

ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ಕರೆತಂದ ದಿನ ನೆನಪಿದೆಯಾ? ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವು. “ಎಡಗಡೆ ಕೂತು ಮಾತಾಡಿಸ್ತಾ ಇರಿ, ಆ ಕಡೆ ಗಮನ ಬರಬೇಕು” ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದರು. ಯಾಕೆಂದು ಅವರು ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಅದನ್ನು ವ್ರತದ ಹಾಗೆ ಹಿಡಿದಳು. ಮಂಚದ ಬಲಕ್ಕೆ ಕಿಟಕಿ, ಎಡಕ್ಕೆ ಅವಳ ಸ್ಟೂಲು. ಊರವರ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತ ಇಡೀ ದಿನ ಅಲ್ಲೇ ಕೂತಿರುತ್ತಿದ್ದಳು. ನೀನೋ, ಕಿಟಕಿಯ ಕಡೆ ಮುಖ ಹಾಕಿಕೊಂಡು ಕೇಳುತ್ತಿದ್ದೆ. “ಎಲ್ಲಿ ಅವಳು? ಕೆಳದಿಗೆ ಹೋದ್ಲಾ?”

“ಇಲ್ಲೇ ಇದೀನಲ್ರೀ!”

ದನಿ ಕೇಳಿ ಕಿಟಕಿಯಾಚೆ ಹುಡುಕುತ್ತಿದ್ದೆ. ಆಮೇಲೆ ನೀನೇ ತೀರ್ಮಾನಿಸುತ್ತಿದ್ದೆ: “ಫೋನಲ್ಲಿ ಮಾತಾಡ್ತಿದಾಳೆ.” ಅವಳು ಎದ್ದು ಮಂಚದ ಕಾಲ ಕಡೆ ಬಂದು ನಿಂತರೆ “ಬಂದ್ಯಾ?” ಎಂದು ಮುಖ ಅರಳಿಸುತ್ತಿದ್ದೆ. ಸ್ಟೂಲಿಗೆ ಮರಳಿದ ಕೂಡಲೇ “ನೋಡು, ಮತ್ತೆ ಹೋದ್ಲು.” ಆ ಹಠದ ಮಾತಿಗೆ ಅಮ್ಮ ಎಷ್ಟು ಸಲ ಸೂಜಿ ಚುಚ್ಚಿಕೊಂಡಳೋ. ಆವತ್ತಿನ ಜಗಳಕ್ಕೆ ನೀನು ಸೇಡು ತೀರಿಸಿಕೊಳ್ಳುತ್ತಿದ್ದೀ ಎಂದೇ ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ. ಇನ್ನೇನು ತಿಳಿಯಬೇಕಿತ್ತು?

ತಟ್ಟೆಯ ವಿಷಯವೂ ಹಾಗೇ ಆಯಿತು. ಬಲಗಡೆಯ ಅನ್ನ ಉಂಡು, ಎಡಗಡೆಯ ಪಲ್ಯವನ್ನು ಮುಟ್ಟದೆ, “ಇವತ್ತು ಪಲ್ಯ ಮಾಡ್ಲಿಲ್ವಾ?” ಎಂದು ಕೇಳುತ್ತಿದ್ದೆ. “ಕಣ್ಣೆದುರಿಗೆ ಇದ್ದಿದ್ದನ್ನೂ ಇಲ್ಲ ಅಂತೀರಲ್ಲ, ನನ್ನ ಮೇಲಿನ ಸಿಟ್ಟು ಪಲ್ಯದ ಮೇಲೆ ಎಂತಕ್ಕೆ?” ಎಂದು ಅಮ್ಮ ತಟ್ಟೆ ತಿರುಗಿಸಿಟ್ಟರೆ ಚಪ್ಪರಿಸಿಕೊಂಡು ತಿನ್ನುತ್ತಿದ್ದೆ. ಒಂದು ದಿನ ಬಲಗೆನ್ನೆಯನ್ನಷ್ಟೇ ಬೋಳಿಸಿ, ಕನ್ನಡಿ ಕೆಳಗಿಟ್ಟು, ಮದುಮಗನ ಗತ್ತಿನಲ್ಲಿ ಕೂತಿದ್ದೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಳೆಗಾಲ ಮುಗಿಯುವ ಮೊದಲೇ ಮತ್ತೊಮ್ಮೆ ಸ್ಟ್ರೋಕ್ ಆಗಿ ಹೊರಟುಹೋದೆ. ಆವತ್ತು ಬೆಳಿಗ್ಗೆಯೂ ನೀನು ಕೇಳಿದ್ದು ಅದನ್ನೇ. “ಅವಳು ಬರಲೇ ಇಲ್ಲ ಅಲಾ?” ಅಮ್ಮ ಸ್ಟೂಲಿನ ಮೇಲೇ ಇದ್ದಳು.

ಮೊನ್ನೆ ಸಾಗರದಲ್ಲಿ ನಮಗೆ, ವಿಜ್ಞಾನದ ಮೇಷ್ಟ್ರುಗಳಿಗೆಲ್ಲ, ತರಬೇತಿ ಇತ್ತು. ಮೆದುಳು ಮತ್ತು ಕೃತಕ ಬುದ್ಧಿಮತ್ತೆ ಎಂಬ ವಿಷಯ. ಮುಮ್ಮೆದುಳು, ಹಿಮ್ಮೆದುಳು ಎಂದು ವರ್ಷಾ ವರ್ಷಾ ಮಕ್ಕಳ ಕೈಲಿ ಬಣ್ಣ ಹಚ್ಚಿಸುವವಳಿಗೆ ಹೊಸದೇನು ಹೇಳುತ್ತಾರೆ ಎಂದು ಹಿಂದಿನ ಬೆಂಚು ಹಿಡಿದು ಕೂತಿದ್ದೆ. ನರವಿಜ್ಞಾನ ಓದಿದ ಹುಡುಗಿಯೊಬ್ಬಳು ಪರದೆಯ ಮೇಲೆ ರೋಗಿಯೊಬ್ಬ ಬರೆದ ಗಡಿಯಾರ ತೋರಿಸಿದಳು. ಅಂಕಿಗಳೆಲ್ಲ ಬಲಗಡೆಯೇ ಒತ್ತಿಕೊಂಡಿದ್ದವು, ಎಡಗಡೆ ಬಟಾಬಯಲು. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದರೆ ಹೀಗಾಗಬಹುದಂತೆ. ಕಣ್ಣು ಸರಿಯಿದ್ದರೂ ಎಡಗಡೆಯ ಲೋಕವೇ ಲೆಕ್ಕಕ್ಕಿಲ್ಲ. “ಅರ್ಧ ಹೋಗಿದೆ ಅನ್ನೋದೂ ಅವ್ರಿಗೆ ಗೊತ್ತಾಗಲ್ಲ. ಮೆದುಳು ಖಾಲಿ ಜಾಗ ಬಿಡಲ್ಲ, ಸಿಕ್ಕಿದ್ದರಲ್ಲೇ ಒಂದು ಕಥೆ ಹೊಂದಿಸುತ್ತೆ. ನಿಮ್ಮ ಫೋನಿನ ಎಐ ಕೂಡ ಒಂದು ರೀತಿ ಹಾಗೇ. ಗೊತ್ತಿಲ್ಲದ್ದನ್ನೂ ಗೊತ್ತಿರೋ ಹಾಗೇ ಹೇಳಿಬಿಡುತ್ತೆ” ಎಂದಳು. ಎಲ್ಲರೂ ನಕ್ಕರು. ನನಗೆ ಕಂಡಿದ್ದು ನಿನ್ನ ಬೋಳಿಸದ ಎಡಗೆನ್ನೆ. ಕಾಗದ ಬಲಕ್ಕೆ ಸರಿಸು ಎಂದಿದ್ದು ಇದಕ್ಕೇ ಅಪ್ಪಯ್ಯ. ಚಹಾಕ್ಕೆ ಬಿಟ್ಟಾಗ ಅವಳನ್ನು ತಡೆದು, ನಿನ್ನ ವಿಷಯ ಹೇಳಿ ಕೇಳಿದೆ: ಎಡಗಡೆಯೇ ಕೂತವರು ಇದ್ದಾರೆ ಎಂದು ಒಳಗೆಲ್ಲಾದರೂ ಗೊತ್ತಾಗಿರಬಹುದಾ? “ಕೆಲವರಲ್ಲಿ ಏನೋ ತಲುಪುತ್ತೆ ಮೇಡಂ. ನಿಮ್ಮ ತಂದೆ ವಿಷಯದಲ್ಲಿ ನಾನು ಹೇಳೋಕಾಗಲ್ಲ.” ಸುಳ್ಳು ಹೇಳದ ಹುಡುಗಿ. ಆ ಕ್ಷಣಕ್ಕೆ ಸುಳ್ಳೇ ಹೇಳಬಾರದಿತ್ತೇ ಅನ್ನಿಸಿತು.

ಆ ಸಂಜೆ ಬಸ್ಸಿನಲ್ಲಿ ಬರುತ್ತ ನಾನು ಖುಷಿಯಲ್ಲಿದ್ದೆ ಎಂದರೆ ನಂಬುತ್ತೀಯಾ? ನೀನು ಸಿಟ್ಟಾಗಿರಲಿಲ್ಲ ಎಂದು ಹೇಳಿದರೆ ಅಮ್ಮ ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ದಾರ ಕಚ್ಚಿ ತುಂಡರಿಸಿ ಪೂರ್ತಿ ಕೇಳಿಸಿಕೊಂಡಳು.

“ಹಂಗಾರೆ ಸಿಟ್ಟಿರಲಿಲ್ಲ.”

“ಇಲ್ಲಮ್ಮ.”

“ಸಿಟ್ಟಿದ್ರೆ ನಾನು ಇದೀನಿ ಅಂತಾದ್ರೂ ಅವ್ರಿಗೆ ಗೊತ್ತಿತ್ತು ಅಂತಾಗ್ತಿತ್ತು. ಇಷ್ಟು ದಿನ ಅದೊಂದನ್ನೇ ಹಿಡ್ಕೊಂಡಿದ್ದೆ.” ಆಮೇಲೆ ತಣ್ಣಗೆ ಕೇಳಿದಳು, “ನಾನು ಕಿಟಕಿ ಕಡೆ ಕೂತಿದ್ರೆ ಆಗ್ತಿತ್ತಾ?”

ಡಾಕ್ಟರು ಹೇಳಿದ್ದೂ ತಪ್ಪಲ್ಲ, ಅವಳು ಕೂತಿದ್ದೂ ತಪ್ಪಲ್ಲ, ಆದರೂ… ಫೋನನ್ನಾದರೂ ಕೇಳೋಣ ಎಂದು ಅಮ್ಮನ ಪ್ರಶ್ನೆಯನ್ನು ಎಐಗೆ ಹಾಕಿದೆ. ನಿಮ್ಮ ಪ್ರೀತಿ ಅವರಿಗೆ ಖಂಡಿತ ತಲುಪಿರುತ್ತದೆ ಎಂದು ಸೊಗಸಾಗಿ ಬರೆಯಿತು. ಓದಿ ಹೇಳಿದೆ. “ಇದು ನಿಮ್ಮಪ್ಪನ್ನ ನೋಡಿತ್ತಾ?” ಎಂದು ಅಮ್ಮ ಮತ್ತೆ ಸೂಜಿಗೆ ದಾರ ಪೋಣಿಸಿದಳು. ಮೆದುಳಿನ ಪಾಠವನ್ನು ಈ ವರ್ಷವೂ ಮಾಡಬೇಕು. ಯಾವ ಬಾಯಲ್ಲಿ ಮಾಡಲಿ ಗೊತ್ತಿಲ್ಲ. ಗೊತ್ತಾದದ್ದರಿಂದ ಏನೂ ಸರಿಹೋಗುವುದಿಲ್ಲ ಎಂದು ಮಕ್ಕಳಿಗೆ ಹೇಳುವ ಹಾಗಿಲ್ಲವಲ್ಲ.

ನಿನಗೆ ತಿಳಿಯದ ಇನ್ನೊಂದು ಸುದ್ದಿಯಿದೆ. ಕೆಳದಿಯ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಹೆಚ್ಚು ದಿನ ಇಲ್ಲ ಎಂದು ಮಾವ ದಿನಾ ಫೋನು ಮಾಡುತ್ತಾನೆ. ಅಜ್ಜಿ ಮಗಳನ್ನೇ ಕೇಳುತ್ತಾಳಂತೆ. ನೀನು ಹೋದ ಮೇಲೆ ಅಮ್ಮ ಆ ಊರಿಗೆ ಕಾಲಿಟ್ಟಿಲ್ಲ. ನಿನ್ನೆ ಬ್ಯಾಗು ತುಂಬಿ, ಕೈ ಹಿಡಿದು ಎಬ್ಬಿಸಿದೆ. ಬಾಗಿಲವರೆಗೂ ಬಂದು ನಿಂತಳು.

“ಬ್ಯಾಡ ಕಣೇ, ನೀನೊಬ್ಳೇ ಹೋಗಿ ಬಾ. ನಾನು ಹೋದ್ರೆ ನಿಮ್ಮಪ್ಪ ಅಂದ್ಕೊಂಡಿದ್ದೇ ನಿಜ ಆಗುತ್ತೆ.”