ಮೇಡಂ ಬಂದಾಗ ಬೈಯಬೇಡ

ಕಾಲೇಜು ಹಾಸ್ಟೆಲ್,
೧೪ ಜುಲೈ, ಮಂಗಳವಾರ

ಪ್ರೀತಿಯ ಅಜ್ಜಿಗೆ,

ಮಂಡಿನೋವು ಹೇಗಿದೆ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ಕಣ್ಣಿನ ಡ್ರಾಪ್ಸ್ ಹಾಕುತ್ತಿದ್ದೀಯಾ, ಇಲ್ಲಾ ಎಂದಿನಂತೆ ಶೆಲ್ಫಿನಲ್ಲೇ ಇದೆಯಾ? ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಬೆಳಗಿನ ತಿಂಡಿಯನ್ನೂ ಬಿಟ್ಟು ಕೂತಿದ್ದೇನೆ. ಇಂಟರ್ನಲ್ ಟೆಸ್ಟಿನ ಟೆನ್ಷನ್ ಅಂತ ರೂಮ್‌ಮೇಟ್‌ಗೆ ಸುಳ್ಳು ಹೇಳಿದೆ.

ಮಕ್ಕಳ ಕಲ್ಯಾಣ ಇಲಾಖೆಯ ಮೇಡಂ ನಿನ್ನೆ ಫೋನ್ ಮಾಡಿದ್ದರು. "ನಿಮ್ಮ ತಂಗೀನ ಸಾಕೋಕೆ ಇಲಾಖೆ ದುಡ್ಡು ಕೊಡೋ ಅರ್ಜೀನ ನಿಮ್ಮಜ್ಜಿ ಸಹಿ ಹಾಕ್ದೆ ವಾಪಸ್ ಕೊಟ್ಬಿಟ್ರಲ್ಲಪ್ಪಾ, ಅದ್ರ ಮೇಲೆ ನನಗೇ ಬೈದ್ರು" ಅಂದರು. ಏನು ಬೈದಿರುತ್ತೀ ಅಂತ ಅವರು ಹೇಳುವ ಮುಂಚೆಯೇ ಗೊತ್ತಾಯಿತು. "ಸ್ವಂತ ಮೊಮ್ಮಗಳಿಗೆ ಅನ್ನ ಹಾಕೋಕೆ ಸರ್ಕಾರ ನನಗೆ ಕೂಲಿ ಕೊಡ್ಬೇಕಾ? ನಾನೇನು ಆಯಾನಾ?" ಅಲ್ವಾ?

ಫೋನಿನಲ್ಲಿ ಹೇಳಿದರೆ ಕಟ್ ಮಾಡುತ್ತೀ, ಅದಕ್ಕೇ ಈ ಕಾಗದ. ಅಜ್ಜಿ, ಅದು ಕೂಲಿಯಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನ ತಂಗಿ ಗುಬ್ಬಿ ಇಲಾಖೆಯ ಜವಾಬ್ದಾರಿ. ಇಲಾಖೆ ಒಪ್ಪಿದ ಮನೆಯಲ್ಲಿ ಮಗು ಬೆಳೆದರೆ ಮಾತ್ರ ಖರ್ಚಿನ ದೊಡ್ಡ ಪಾಲು ಕೇಂದ್ರದಿಂದ ರಾಜ್ಯಕ್ಕೆ ಬರುತ್ತದಂತೆ. ಆ ಮನೆ ಯಾರೋ ಅಪರಿಚಿತರದ್ದಾಗಬಹುದು, ಅಜ್ಜಿಯದ್ದೂ ಆಗಬಹುದು. ನೀನು ಸಹಿ ಹಾಕದಿದ್ದರೆ ನಮ್ಮ ಮನೆ ಆ ಲೆಕ್ಕಕ್ಕೇ ಬರುವುದಿಲ್ಲ. ಫಂಡ್ ಸಿಗುವ ಕಡೆಗೆ ಅವಳನ್ನು ಕಳಿಸುತ್ತಾರೆ. ಬೇರೆ ಊರಲ್ಲಿ ಒಂದು ಮನೆ ನೋಡಿಯೂ ಇಟ್ಟಿದ್ದಾರೆ. "ಒಳ್ಳೆ ಜನ ಕಣಪ್ಪಾ, ಎರಡು ನಾಯಿ ಬೇರೆ ಇವೆ" ಅಂತ ಮೇಡಂ ನನಗೇ ಸಮಾಧಾನ ಮಾಡಿದರು. ನಮ್ಮ ಗುಬ್ಬಿಯೋ, ನಾಯಿ ಬೊಗಳಿದರೆ ಮೇಜು ಹತ್ತುವವಳು!

ನನ್ನನ್ನು ಚಿಕ್ಕಂದಿನಿಂದ ಹಾಸ್ಟೆಲ್ ಬೆಳೆಸಿತು. ವಾರ್ಡನ್ ಕೆಟ್ಟವರಲ್ಲ, ಊಟಕ್ಕೂ ಕೊರತೆಯಿರಲಿಲ್ಲ. ಆದರೆ ಜ್ವರ ಬಂದರೆ ಯಾರನ್ನು ಎಬ್ಬಿಸಲಿ ಅಂತ ಯೋಚಿಸುತ್ತಲೇ ಬೆಳಗಾಗುತ್ತಿತ್ತು. ಗುಬ್ಬಿಗೆ ಆ ಯೋಚನೆ ಬರಬಾರದು.

ಶುಕ್ರವಾರ ಮೇಡಂ ಕೊನೆಯ ಸಲ ಬರುತ್ತಾರೆ. ಕೂರಿಸು, ನೀರು ಕೊಡು, ಸಹಿ ಹಾಕು. ಆ ದುಡ್ಡು ಮುಟ್ಟುವುದಿಲ್ಲ ಅಂತ ಹಟವಿದ್ದರೆ ಅವಳ ಹೆಸರಲ್ಲಿ ಬ್ಯಾಂಕಿನಲ್ಲಿಡು, ನಾನು ಎದುರಾಡುವುದಿಲ್ಲ. ಕೆಳಮನೆಯ ಟೈಲರ್ ಮಾವನಿಗೆ ನಮಸ್ಕಾರ ತಿಳಿಸು.

ನಿನ್ನ ಕಾಲು ಹಿಡಿದು ಕೇಳುವ
ಮೊಮ್ಮಗ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಗುಬ್ಬಿ ಟೈಲರ್ ಮಾವನ ಫೋನಿನಿಂದ ಮಾತಾಡಿದಳು. ಮೇಡಂ ಮನೆಗೆ ಬಂದಾಗ ನಿನಗೆ ಹೇಳಿದ್ದನ್ನೆಲ್ಲ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಾಳೆ. "ಅಣ್ಣಾ, ಆ ಮನೇಲಿ ಟೂತ್‌ಬ್ರಷ್ ಅವ್ರೇ ಕೊಡ್ತಾರಾ, ನಾವೇ ತಗೊಂಡು ಹೋಗ್ಬೇಕಾ?" ಅಂದಳು. ಸ್ಕೂಲ್ ಬ್ಯಾಗಿನ ಪುಸ್ತಕ ತೆಗೆದು ಬಟ್ಟೆ ತುಂಬಿ ಮಂಚದ ಕೆಳಗಿಟ್ಟಿದ್ದಾಳಂತೆ. ಗದರಬೇಡ. ಮೊದಲು ಸಹಿ ಹಾಕು. ಆಮೇಲೆ ಅವಳ ಎದುರಿಗೇ ಆ ಬಟ್ಟೆ ಒಂದೊಂದಾಗಿ ತೆಗೆದು ಬೀರುವಿನಲ್ಲಿಡು.