ಕಾನ್ವಿಯ ಆಣೆ

೧೧ ಮೇ ೨೦೨೦, ಬೆಳಿಗ್ಗೆ ೧೦

ವೂರ್‌ಬರ್ಗ್. ಹಾಲೆಂಡಿನಲ್ಲಿ ಮಗಳ ಮನೆ. ಬಿಸಿಲಿದೆ, ಚಳಿಯೂ ಇದೆ. ಸ್ವೆಟರ್ ಬಿಚ್ಚಿಲ್ಲ. ಮೊಮ್ಮಗಳು ವೈಷ್ಣವಿಯ ಶಾಲೆ ಇನ್ನೂ ಲ್ಯಾಪ್‌ಟಾಪಿನಲ್ಲೇ. ಹಿಸ್ಟರಿ ಪ್ರಾಜೆಕ್ಟ್ ಕೊಟ್ಟಿದ್ದಾರೆ — ಇಂಗ್ಲೆಂಡಿನ ಎರಡನೇ ರಿಚರ್ಡ್‌ನನ್ನು ಇಳಿಸಿದ್ದು; ಅದರಲ್ಲಿ ಕೈಯಾಡಿಸಿದ ಪರ್ಸಿ ಎಂಬ ಸರದಾರ. ಧಾರವಾಡದಲ್ಲಿ ಬಿ.ಎ. ಓದುವಾಗ ಐದು ಮಾರ್ಕಿಗೆ ಬಂದಿತ್ತು. ‘ರೈಟ್ ಎ ಶಾರ್ಟ್ ನೋಟ್ ಆನ್...’ ಮುಂದಿನದು ಮರೆತಿದೆ. ನಾನು ಬರೆದದ್ದಂತೂ ಶಾರ್ಟ್ ಆಗಿರಲಿಲ್ಲ. ಹೆಂಡತಿ ಕಾಶಮ್ಮ ಇದ್ದಿದ್ದರೆ ನಗುತ್ತಿದ್ದಳು. ಅವಳು ಹೋಗಿ ಮೂವತ್ತೇಳು ದಿನ.

೧೨ ಮೇ

ಹುಡುಗಿ ಓದಿ ಹೇಳಿದಳು. ೧೩೯೯ನೇ ಇಸವಿ. ರಾಜ ಕಾನ್ವಿ ಕೋಟೆಯೊಳಗೆ ಭದ್ರವಾಗಿದ್ದ. ಪರ್ಸಿ ಬಂದು, ಚರ್ಚಿನ ಪೂಜೆಯ ಪ್ರಸಾದದ ಮೇಲೆ ಆಣೆಯಿಟ್ಟನಂತೆ — ಹೊರಗೆ ಬನ್ನಿ, ನಿಮ್ಮ ಕಿರೀಟಕ್ಕೆ ಏನೂ ಆಗುವುದಿಲ್ಲ. ರಾಜ ನಂಬಿ ಹೊರಟ. ಗುಡ್ಡದ ಮರೆಯಲ್ಲಿ ಪರ್ಸಿಯ ದಂಡು. ಹಿಡಿದರು. ಸಿಂಹಾಸನ ಹೋಯಿತು, ಆ ಚಳಿಗಾಲ ಕಳೆಯುವುದರೊಳಗೆ ಸೆರೆಯಲ್ಲೇ ಜೀವವೂ.

“ಅಜ್ಜಾ, ಪರ್ಸಿ ಬೇಕಂತ ಸುಳ್ಳು ಹೇಳಿದ್ನಾ? ಆರ್ ಡಿಡ್ ಹಿ ಬಿಲೀವ್ ಇಟ್?”

“ಟ್ರೇಟರ್ ಅಂವ. ಹಂಗಂತ ಬರಿ.” ದನಿ ಏರಿತು.

“ಚಿಲ್, ಅಜ್ಜಾ! ಆರ್ನೂರು ವರ್ಷ ಆಯ್ತು.”

೧೯ ಮೇ, ಮಧ್ಯಾಹ್ನ

ವಾರ ಬರೆಯಲಿಲ್ಲ. ಇವತ್ತು ಮಗಳು ಸ್ಮಿತಾ ಊರಿಗೆ ಫೋನ್ ಮಾಡಿದ್ದಳು. ಕೇಳಿಸಿತು.

“ಹತ್ರ ಹೋಗಾಕ ಯಾರಿಗೂ ಬಿಡ್ಲಿಲ್ಲ, ಅತ್ಯಾ. ಆದ್ರ ಅವ್ವನ ಕೈಯಾಗ ಲಿಂಗ ಇತ್ತು. ಅಪ್ಪ ನರ್ಸಿಗೆ ಇಂಗ್ಲಿಷಿನಾಗ ತಿಳಿಸಿ ಹೇಳಿ ಇಡಿಸಿದ್ರು. ಅಷ್ಟ ಸಮಾಧಾನ.”

ಲಿಂಗ ನನ್ನ ಸ್ವೆಟರಿನ ಜೇಬಿನಲ್ಲಿದೆ. ಬೆಳ್ಳಿ ಕರಡಿಗೆ, ಶಿವದಾರ ಸಮೇತ.

ಕೊರೋನಾ ಅಂತ ಅವಳನ್ನು ಆಸ್ಪತ್ರೆಗೆ ಒಯ್ದ ದಿನ ಆಂಬ್ಯುಲೆನ್ಸ್ ಬಾಗಿಲಲ್ಲಿತ್ತು. ಸ್ಮಿತಾ ಕೆಳಗೆ ಅವರೊಡನೆ ಡಚ್ಚಿನಲ್ಲಿ ಮಾತಾಡುತ್ತಿದ್ದಳು. ಸ್ಕ್ಯಾನ್ ಮಾಡಬೇಕು, ಮೈಮೇಲೆ ಲೋಹ ಬೇಡ ಎಂದಿದ್ದರು. ಕಾಶಮ್ಮ ಕರಡಿಗೆ ಹಿಡಿದು ಕೂತುಬಿಟ್ಟಳು.

“ಹುಟ್ಟಿದಾಗಿಂದ ಕೊರಳಾಗೈತಿ. ತಗಿಯಂಗಿಲ್ರಿ. ನಾ ಹೋಗೂದೂ ಇಲ್ಲ.”

“ನಾಳೆ ನಾನ ತಂದು ಹಾಕ್ತೀನಿ. ಈ ಲಿಂಗದ ಆಣಿ.”

“ನಿಮಗ ಇಲ್ಲಿ ಬಸ್ಸಿನ ದಾರೀನ ಗೊತ್ತಿಲ್ಲ!” ಕೆಮ್ಮುತ್ತಲೇ ನಕ್ಕಳು. ಬಿಚ್ಚಿ ಕೊಟ್ಟಳು. ಹೊರಟಳು.

ಮರುದಿನ ಒಳಗೆ ಬಿಡಲಿಲ್ಲ. ಅದರ ಮರುದಿನವೂ. ಐದನೆಯ ದಿನ ಹೋದಳು. ಪೆಟ್ಟಿಗೆ ಮುಚ್ಚಿಯೇ ಬಂತು. ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಬೇಕಿದ್ದವಳು ಬರಿಗೈಯಲ್ಲಿ ಹೋದಳು. ಸ್ಮಿತಾ ಅಳುತ್ತ “ಲಿಂಗ, ಅಪ್ಪಾ?” ಅಂದಾಗ... “ನರ್ಸಿಗೆ ಹೇಳೀನಿ, ಕೈಯಾಗ ಇಟ್ಟಾರ” ಅಂದುಬಿಟ್ಟೆ.

೨೨ ಮೇ

ವೈಷ್ಣವಿಗೆ ಹೇಳಿದೆ — ಟ್ರೇಟರ್ ಅಂದದ್ದು ಹೊಡೆದು ಹಾಕು. ಆಣೆಯಿಡುವಾಗ ನಂಬಿದ್ದನೋ ಏನೋ, ನೋಬಡಿ ನೋಸ್. ಮುಂದೆ ತಾನೇ ಪಟ್ಟಕ್ಕೆ ಕೂರಿಸಿದ ಹೊಸ ರಾಜನ ಮೇಲೂ ತಿರುಗಿಬಿದ್ದು, ಕಾಳಗದಲ್ಲಿ ಸತ್ತ.

“ಸಾರಿ ಹೇಳಿದ್ನಾ?”

“ಯಾರಿಗೆ ಹೇಳಬೇಕಿತ್ತವಾ? ರಾಜನ ಇರಲಿಲ್ಲಲ್ಲ.”

“ಕ್ವೀನ್ ಇದ್ಳಲ್ಲ. ಹತ್ತೇ ವರ್ಷ, ನನಗಿಂತ ಚಿಕ್ಕೋಳು. ಅವ್ಳಿಗೆ ಹೇಳ್ಬೋದಿತ್ತು.”

ಎದ್ದು ಕಿಟಕಿಯ ಹತ್ತಿರ ಹೋದೆ. ಕೈ ಜೇಬಿನಲ್ಲೇ ಇತ್ತು.

೫ ಜೂನ್, ಸಂಜೆ ೪

ನಾಳೆ ಸಂಜೆ ವಿಮಾನ. ಹೊರಗಿನ ಕೋಣೆಯಲ್ಲಿ ಸ್ಮಿತಾ ಸೂಟ್‌ಕೇಸ್ ತುಂಬುತ್ತಿದ್ದಾಳೆ.

“ಆ ಸ್ವೆಟರ್ ಕೊಡ್ರಿ ಅಪ್ಪಾ, ಒಗದು ಹಾಕ್ತೀನಿ. ಎರಡು ತಿಂಗಳಾತು. ನಿಮ್ಮನ್ನ ವಿಮಾನ ಹತ್ತಸಂಗಿಲ್ಲ ನೋಡ್ರಿ!”

ಒಗೆಯುವ ಮುಂಚೆ ಜೇಬು ತಡಕುತ್ತಾಳೆ, ಅವ್ವನ ಹಾಗೆಯೇ. ಕರಡಿಗೆಯನ್ನು ಬ್ಯಾಗಿನ ತಳಕ್ಕೆ ತುರುಕಬಹುದು. ಧಾರವಾಡ ಮುಟ್ಟುವವರೆಗೆ ಯಾರಿಗೂ ತಿಳಿಯದು.

ತುರುಕುವುದಿಲ್ಲ. ಬೆಳಿಗ್ಗೆ ಸಮಯವಿದೆ. ಸಮಾಧಿಯ ಮೇಲೆ ಒಂದು ಗೇಣು ಮಣ್ಣು ಸರಿಸಿದರೆ ಸಾಕು. ತಂದು ಹಾಕುತ್ತೇನೆ ಅಂದಿದ್ದೆನಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಸ್ಮಿತಾಗೇ ಗೊತ್ತು.

ಎದುರಿಗೆ ಬಾಯಿ ಕಟ್ಟುತ್ತದೆ. ಇಲ್ಲಿ ಬರೆದುಕೊಂಡು ಓದಿ ಹೇಳುತ್ತೇನೆ. ಸ್ಮಿತಾ, ಅದನ್ನ ಬಿಡು, ಇಲ್ಲಿ ಬಂದು ಕೂಡು. ನಿಮ್ಮವ್ವನ ಕೈಯಾಗ ಲಿಂಗ ಇರಲಿಲ್ಲ.